ಬೀಳುವುದಕ್ಕೂ ಒಂದು ಕಾರಣ ಬೇಕು

ನೀರಿನ ಕಾಲುವೆಯಲ್ಲಿ ಮೆಲ್ಲಮೆಲ್ಲನೆ ತೇಲಿಬಂದ ದೋಣಿಯೊಂದು ಗುಡ್ಡದ ನೆತ್ತಿಯನ್ನು ತಲುಪಿ, ಬಯಲಿನ ಬೆಳಕಿನಲ್ಲಿ ಒಂದು ಗಳಿಗೆ ತಡೆದು ನಿಂತಂತೆ ತೋರಿ, ಅಲ್ಲಿಂದ ಸುಮಾರು 50 ಅಡಿ ಕೆಳಕ್ಕೆ ಧುಮುಕುವಾಗ ಅದರಲ್ಲಿ ಕುಳಿತವರ ಎದೆಯಲ್ಲಿ ಏನಾಗುತ್ತದೆಂಬುದನ್ನು ಬಲ್ಲವರು ಅನೇಕರಿರಬಹುದು. ಆದರೆ ಆ ಪತನ ಸರಿಯಾದ ಪತನವೆ, ಅದಕ್ಕೆ ಮುಂಚೆ ಬರಬೇಕಾದುದು ಬಂದಿತೆ, ಅದರ ಅನಂತರ ಒದಗಿದ ಸಂತೋಷ ದುಡಿದು ಪಡೆದ ಸಂತೋಷವೆ ಅಥವಾ ಬಿಟ್ಟಿಯಾಗಿ ಬಂದುದೆ ಎಂಬ ಪ್ರಶ್ನೆಗಳನ್ನು ಕೈಗೆತ್ತಿಕೊಂಡು ವರ್ಷಗಟ್ಟಲೆ ಚರ್ಚಿಸುವ ಜನರೂ ಇದ್ದಾರೆಂಬುದು ನಮ್ಮಲ್ಲಿ ಅಷ್ಟಾಗಿ ತಿಳಿದ ಸಂಗತಿಯಲ್ಲ. ಅಮೆರಿಕದ ಥೀಮ್ ಪಾರ್ಕುಗಳ ಅಭಿಮಾನಿಗಳು ಇಂಥವರು. ಹೊಸದೊಂದು ರೈಡ್ ತೆರೆದ ದಿನವೇ ಅವರ ವಿಮರ್ಶೆ ಮೊದಲಾಗುತ್ತದೆ. ಸರದಿಯ ಸಾಲಿನ ಗೋಡೆಯ ಬಣ್ಣದಿಂದ ಹಿಡಿದು ಗೊಂಬೆಯ ಹುಬ್ಬಿನ ಚಲನೆಯವರೆಗೆ ಯಾವುದೂ ಅವರ ಕಣ್ಣಿಗೆ ತಪ್ಪುವುದಿಲ್ಲ. ಇದನ್ನು ಬಿಡುವಿದ್ದವರ ಹರಟೆಯೆಂದು ತಳ್ಳಿಹಾಕುವುದು ಸುಲಭ. ಹಾಗೆ ತಳ್ಳಿಹಾಕಬಾರದೆಂದೂ, ಈ ವಾದದ ತಿರುಳಿನಲ್ಲಿ ಎಲ್ಲ ಕಲೆಗಳಿಗೂ ಅನ್ವಯಿಸುವ ಒಂದು ಸತ್ಯ ಅಡಗಿದೆಯೆಂದೂ ನನಗೆ ದೃಢವಾಗಿ ತೋರಿರುವುದರಿಂದ, ಇತ್ತೀಚಿನ ವರ್ಷಗಳಲ್ಲಿ ಈ ಅಭಿಮಾನಿಗಳನ್ನು ಎರಡು ಪಕ್ಷವಾಗಿ ಒಡೆದ ಒಂದು ಗುಡ್ಡದ ಕತೆಯನ್ನು ಇಲ್ಲಿ ಹೇಳಬಯಸುತ್ತೇನೆ.

ಆ ಗುಡ್ಡದ ಮೊದಲ ಹೆಸರು ಸ್ಪ್ಲಾಶ್ ಮೌಂಟನ್. ಅದರ ವಂಶಾವಳಿ ಕಾಡಿನಿಂದ ಪ್ರಾರಂಭವಾಗುತ್ತದೆ. ಅಮೆರಿಕದ ಮರ ಕಡಿಯುವವರು ಬೆಟ್ಟದ ಮೇಲಿನ ದಿಮ್ಮಿಗಳನ್ನು ಕೆಳಗಿನ ಗರಗಸದ ಕಾರ್ಖಾನೆಗೆ ಸಾಗಿಸುವುದಕ್ಕಾಗಿ ಹಲಗೆಯ ಕಾಲುವೆಗಳನ್ನು ಕಟ್ಟಿ, ಅವುಗಳಲ್ಲಿ ನೀರನ್ನು ಹರಿಸಿ, ಆ ನೀರಿನ ಮೇಲೆ ದಿಮ್ಮಿಗಳನ್ನು ತೇಲಿಬಿಡುತ್ತಿದ್ದರು. 1963ರಲ್ಲಿ ಟೆಕ್ಸಸ್‌ನ ಒಂದು ವಿನೋದೋದ್ಯಾನ ಈ ಉಪಾಯವನ್ನೇ ಆಟವನ್ನಾಗಿ ಮಾಡಿ, ದಿಮ್ಮಿಯಾಕಾರದ ದೋಣಿಗಳಲ್ಲಿ ಜನರನ್ನು ಕೂರಿಸಿ ಜಾರಿಸಿತು. 1969ರಲ್ಲಿ ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್‌ನಲ್ಲಿ ಆ ಕಾಲುವೆಯ ಸುತ್ತ ಇಡೀ ಒಂದು ಬೆಟ್ಟವೇ ಎದ್ದಿತು. 1983ರಲ್ಲಿ ಡಿಸ್ನಿ ಸಂಸ್ಥೆಯ ವಿನ್ಯಾಸಕ ಟೋನಿ ಬ್ಯಾಕ್ಸ್‌ಟರ್, ಕೆಲಸಕ್ಕೆ ಹೋಗುವ ದಾರಿಯಲ್ಲಿ ವಾಹನಗಳ ದಟ್ಟಣೆಯೊಳಗೆ ಸಿಕ್ಕಿಕೊಂಡಿದ್ದಾಗ, ದಿಮ್ಮಿಯ ದೋಣಿಗೆ ಒಂದು ಕತೆಯನ್ನು ಕೂಡಿಸುವ ಯೋಚನೆ ಹೊಳೆಯಿತೆಂದು ಹೇಳುವುದುಂಟು. ಡಿಸ್ನಿಲ್ಯಾಂಡಿನಲ್ಲಿ 1974ರಿಂದ 1988ರವರೆಗೆ ನಡೆದ ಅಮೆರಿಕ ಸಿಂಗ್ಸ್ ಎಂಬ ಸಂಗೀತಪ್ರದರ್ಶನದ ಯಂತ್ರದ ಗೊಂಬೆಗಳು ಆ ಕತೆಯ ಪಾತ್ರಧಾರಿಗಳಾದುವು. 1989ರಲ್ಲಿ ಗುಡ್ಡ ತೆರೆಯಿತು. 1992ರಲ್ಲಿ ಅದರ ಸಹೋದರಗಳು ಫ್ಲಾರಿಡಾದಲ್ಲಿಯೂ ಟೋಕಿಯೋದಲ್ಲಿಯೂ ಎದ್ದುವು.

ಅದರೊಳಗೆ ನಡೆಯುತ್ತಿದ್ದ ಕತೆ ಸರಳವಾದುದು. ಮೊಲವೊಂದು ತನ್ನ ಮನೆಯನ್ನು ತೊರೆದು ಲೋಕಸಂಚಾರಕ್ಕೆ ಹೊರಡುತ್ತದೆ. ನರಿಯೂ ಕರಡಿಯೂ ಅದರ ಬೆನ್ನು ಹತ್ತುತ್ತವೆ. ಕೊನೆಗೆ ಸೆರೆಸಿಕ್ಕ ಮೊಲ, ಏನಾದರೂ ಮಾಡಿ, ಆ ಮುಳ್ಳಿನ ಪೊದೆಯೊಳಕ್ಕೆ ಮಾತ್ರ ನನ್ನನ್ನು ಎಸೆಯಬೇಡಿ ಎಂದು ಬೇಡಿಕೊಳ್ಳುತ್ತದೆ. ಕ್ರೂರಿಗಳು ಅಲ್ಲಿಗೇ ಎಸೆಯುತ್ತಾರೆ. ಮುಳ್ಳಿನಲ್ಲಿಯೇ ಹುಟ್ಟಿ ಬೆಳೆದ ಮೊಲ ಕ್ಷೇಮವಾಗಿ ಪಾರಾಗುತ್ತದೆ. ದೋಣಿಯಲ್ಲಿ ಕುಳಿತವರು ಈ ಕತೆಯನ್ನು ನೋಡುತ್ತ ನೋಡುತ್ತ ತಾವೇ ಆ ಮೊಲವಾಗುತ್ತಿದ್ದರು. ಹಾಡು ಕುಣಿತಗಳ ಹಗಲು ಕ್ರಮವಾಗಿ ಕಪ್ಪಾಗುತ್ತ ಬಂದು, ಗುಹೆಯ ಏರುದಾರಿಯಲ್ಲಿ ಎರಡು ರಣಹದ್ದುಗಳು ಮೇಲಿನಿಂದ ಬಾಗಿ ಅಪಶಕುನವನ್ನು ನುಡಿದು, ಹಿಂದಿರುಗುವ ಹಾದಿಯೇ ಇಲ್ಲವೆಂಬುದು ಮನಸ್ಸಿಗೆ ನಾಟಿದ ಮೇಲೆ ಒಮ್ಮೆಗೇ ಬೆಳಕು, ಒಮ್ಮೆಗೇ ಆಳ, ಕೆಳಗೆ ಮುಳ್ಳಿನ ಪೊದೆ. ಬಿದ್ದವರು ನೆನೆದು ನಗುತ್ತ ಮುಂದೆ ಸಾಗಿದರೆ, ಮನೆಗೆ ಮರಳಿದ ಮೊಲವನ್ನು ಸ್ವಾಗತಿಸುವ ಹಾಡಿನ ಮೇಳ ಅಲ್ಲಿ ಕಾದಿರುತ್ತಿತ್ತು. ಭಯ, ಪತನ, ಬಿಡುಗಡೆ, ಸಂಭ್ರಮ: ಈ ನಾಲ್ಕರ ಅನುಕ್ರಮವೇ ಆ ಗುಡ್ಡದ ಜೀವಾಳ. ಸಿಂಹವನ್ನು ಬಾವಿಯ ನೆರಳಿನಿಂದ ಕೊಂದ ಪಂಚತಂತ್ರದ ಮೊಲವನ್ನು ಬಲ್ಲ ನಮಗೆ ಈ ಅಲ್ಪಪ್ರಾಣಿಯ ಜಾಣ್ಮೆ ಹೊಸದಲ್ಲ. ಇದೇ ಮೊಲದ ಇನ್ನೊಂದು ಕತೆಯಲ್ಲಿ ಬರುವ ಅಂಟುಗೊಂಬೆಯ ಪ್ರಸಂಗವನ್ನು ಜಾನಪದ ವಿದ್ವಾಂಸರು ನಮ್ಮ ಪಂಚಾವುಧ ಜಾತಕದೊಡನೆ ಹೋಲಿಸಿಯೂ ಇದ್ದಾರೆ.

ಆದರೆ ಈ ಮೊಲ ಬಂದ ದಾರಿಯಲ್ಲಿ ಒಂದು ದೊಡ್ಡ ನೋವು ಇತ್ತು. ಆಫ್ರಿಕದಿಂದ ಸೆರೆಹಿಡಿದು ತಂದ ಗುಲಾಮರ ಸಂತತಿಯವರು, ಬಲಿಷ್ಠನ ಮುಂದೆ ದುರ್ಬಲನಿಗೆ ಬುದ್ಧಿಯೊಂದೇ ಆಯುಧವೆಂಬುದನ್ನು ತಮ್ಮ ಬಾಳಿನಿಂದಲೇ ಅರಿತವರು, ತಮ್ಮ ಮಕ್ಕಳಿಗೆ ಹೇಳುತ್ತಿದ್ದ ಕತೆ ಅದು. ಅಂಥ ಕತೆಗಳನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜೋಯಲ್ ಚಾಂಡ್ಲರ್ ಹ್ಯಾರಿಸ್ ಎಂಬ ಬಿಳಿಯ ಪತ್ರಿಕೋದ್ಯೋಗಿ ಕೇಳಿ ಬರೆದಿಟ್ಟ. ಅವನ ಪುಸ್ತಕಗಳ ಆಧಾರದ ಮೇಲೆ ಡಿಸ್ನಿ ಸಂಸ್ಥೆ 1946ರಲ್ಲಿ ಸಾಂಗ್ ಆಫ್ ದ ಸೌತ್ ಎಂಬ ಚಲನಚಿತ್ರವನ್ನು ತಯಾರಿಸಿತು. ದಕ್ಷಿಣದ ತೋಟಗಳ ಬಾಳನ್ನು, ಅಲ್ಲಿ ಕಪ್ಪು ಜನರು ಪಟ್ಟ ಬವಣೆಯ ಸುಳಿವೇ ಇಲ್ಲದಂತೆ, ಸುಖಮಯವೆಂದು ಚಿತ್ರಿಸಿತೆಂಬ ಕಾರಣದಿಂದ ಆ ಚಿತ್ರಕ್ಕೆ ಬಿಡುಗಡೆಯಾದಂದೇ ಪ್ರತಿಭಟನೆ ಎದುರಾಯಿತು. ಅದರ ಮುಖ್ಯನಟ ಜೇಮ್ಸ್ ಬ್ಯಾಸ್ಕೆಟ್‌ಗೆ ಅಟ್ಲಾಂಟದಲ್ಲಿ ನಡೆದ ಪ್ರಥಮ ಪ್ರದರ್ಶನಕ್ಕೆ ಬರಲಾಗಲಿಲ್ಲ. ಆ ಊರಿನ ವರ್ಣಭೇದದ ಕಟ್ಟಳೆ ಅಂಥದು. 1986ರ ಅನಂತರ ಸಂಸ್ಥೆ ತನ್ನ ನಾಡಿನ ಚಿತ್ರಮಂದಿರಗಳಲ್ಲಿ ಆ ಚಿತ್ರವನ್ನು ಮತ್ತೆ ತೋರಿಸಿಲ್ಲ. ತಾನೇ ತೋರಿಸಲು ಹಿಂಜರಿಯುವ ಚಿತ್ರದ ತಳಹದಿಯ ಮೇಲೆ ಗುಡ್ಡವೊಂದು ಮೂರು ದಶಕ ನಿಂತಿತ್ತು. 2020ರ ಜೂನ್‌ನಲ್ಲಿ, ಅದರ ಕತೆಯನ್ನು ಬದಲಾಯಿಸುವುದಾಗಿ ಸಂಸ್ಥೆ ಸಾರಿತು. ಆ ನಿರ್ಧಾರ ನ್ಯಾಯವಾದುದೆಂದು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಮುಂದಿನ ಮಾತುಗಳೆಲ್ಲವೂ ಈ ನಂಬಿಕೆಯ ಮೇಲೆಯೇ ನಿಂತಿವೆ.

ಮೊಲದ ಸ್ಥಾನಕ್ಕೆ ಬಂದವಳು ಟಿಯಾನಾ; 2009ರ ದ ಪ್ರಿನ್ಸೆಸ್ ಅಂಡ್ ದ ಫ್ರಾಗ್ ಚಿತ್ರದ ನಾಯಿಕೆ, ಡಿಸ್ನಿಯ ರಾಜಕುಮಾರಿಯರ ಸಾಲಿನಲ್ಲಿ ಮೊದಲ ಕಪ್ಪು ವರ್ಣದವಳು. ನ್ಯೂ ಆರ್ಲಿಯನ್ಸ್ ನಗರದಲ್ಲಿ ತನ್ನ ಅಡುಗೆಯಿಂದಲೂ ಔದಾರ್ಯದಿಂದಲೂ ಹೆಸರಾಗಿದ್ದ ಲೀಯಾ ಚೇಸ್ ಎಂಬ ಹಿರಿಯಳ ಬಾಳು ಈ ಪಾತ್ರಕ್ಕೆ ಸ್ಫೂರ್ತಿಯಾಯಿತು. ಟಿಯಾನಾಸ್ ಬಯೂ ಅಡ್ವೆಂಚರ್ ಎಂಬ ಹೊಸ ಹೆಸರಿನಿಂದ ಗುಡ್ಡ 2024ರ ಜೂನ್ 28ರಂದು ಫ್ಲಾರಿಡಾದಲ್ಲಿಯೂ ನವೆಂಬರ್ 15ರಂದು ಕ್ಯಾಲಿಫೋರ್ನಿಯಾದಲ್ಲಿಯೂ ಮರಳಿ ತೆರೆಯಿತು. ಬಯೂ ಎಂದರೆ ಲೂಸಿಯಾನಾದ ಜವುಗು ನೆಲದಲ್ಲಿ ಮಂದವಾಗಿ ಹರಿಯುವ ತೊರೆ. ಟಿಯಾನಾ ಮಾರ್ಡಿ ಗ್ರಾ ಹಬ್ಬಕ್ಕೆ ಔತಣವನ್ನೇರ್ಪಡಿಸಿದ್ದಾಳೆ, ಹಾಡುವವರು ಬೇಕಾಗಿದ್ದಾರೆ, ಅವರನ್ನು ಹುಡುಕಲು ನಾವು ದೋಣಿಯನ್ನೇರಿ ಅವಳೊಡನೆ ಹೊರಡುತ್ತೇವೆ. ತುತೂರಿ ಊದುವ ಮೊಸಳೆ ಲೂಯಿಸ್ ಜೊತೆಗಾರ. ಕಾಡಿನ ಕಾಯಿ ಕಡ್ಡಿಗಳಿಂದ ವಾದ್ಯಗಳನ್ನು ಮಾಡಿಕೊಂಡ ಸಣ್ಣ ಪ್ರಾಣಿಗಳ ಮೇಳಗಳು ಅಲ್ಲಲ್ಲಿ ಎದುರಾಗುತ್ತವೆ. ಮಾಮಾ ಓಡಿ ಎಂಬ ಮುದಿ ಮಂತ್ರಗಾತಿ ನಮ್ಮನ್ನು ಕಪ್ಪೆಯ ಗಾತ್ರಕ್ಕೆ ಇಳಿಸುತ್ತಾಳೆ. ಕೊನೆಗೆ ಹಳೆಯ ಆ ಎತ್ತರದಿಂದಲೇ ಧುಮುಕಿ ಔತಣದ ನಡುವೆ ಬಂದು ಸೇರುತ್ತೇವೆ.

ಈಗ ಅಭಿಮಾನಿಗಳ ವಾದಕ್ಕೆ ಬರೋಣ. ಹೊಸದನ್ನು ಮೆಚ್ಚಿದವರು ಮೊದಲು ತೋರಿಸುವುದು ಯಂತ್ರಗೊಂಬೆಗಳನ್ನು. ಹಿಂದಿನ ಗೊಂಬೆಗಳು ಕತ್ತನ್ನೊಂದಿಷ್ಟು, ಕೈಯನ್ನೊಂದಿಷ್ಟು ಆಡಿಸುತ್ತಿದ್ದುವು. ಟಿಯಾನಾಳ ಗೊಂಬೆಯಾದರೋ ಭುಜವನ್ನು ತಿರುಗಿಸಿ, ಬೆರಳನ್ನು ಚಾಚಿ, ಕಣ್ಣಿನಲ್ಲಿ ನಗುವನ್ನು ತಂದುಕೊಂಡು, ಮಾತಿಗೂ ತುಟಿಗೂ ಬಿರುಕಿಲ್ಲದಂತೆ ನುಡಿಯುತ್ತದೆ. ಸಂಗೀತವಂತೂ ಆ ನಾಡಿನ ಮಣ್ಣಿನಿಂದಲೇ ಎದ್ದಂತಿದೆ ಎನ್ನುತ್ತಾರೆ. ತನ್ನಂತೆಯೇ ಇರುವ ಮುಖವನ್ನು ಆ ಗುಡ್ಡದ ಮೇಲೆ ಕಂಡ ಮಗುವಿನ ಸಂತೋಷಕ್ಕೆ ಬೆಲೆ ಕಟ್ಟಲಾದೀತೆ ಎಂಬುದೂ ಅವರ ಪ್ರಶ್ನೆ. ಬೆಲೆ ಕಟ್ಟಲಾಗದು ಎಂಬುದೇ ನನ್ನ ಉತ್ತರ. ಎದುರುಪಕ್ಷದವರ ಮುಖ್ಯ ಆಕ್ಷೇಪ ಬೇರೊಂದು: ಇಲ್ಲಿ ಎದುರಾಳಿಯೇ ಇಲ್ಲ. ಚಿತ್ರದಲ್ಲಿದ್ದ ಮಾಂತ್ರಿಕ ಖಳ ಡಾಕ್ಟರ್ ಫೆಸಿಲಿಯೇ ಗುಡ್ಡದೊಳಕ್ಕೆ ಬಂದಿಲ್ಲ. ಹಾಡುವವರು ಸಿಕ್ಕದಿದ್ದರೆ ಕೆಡುವುದು ಒಂದು ಸಂಜೆಯ ಔತಣ ಮಾತ್ರ. ಹೀಗಿರುವಾಗ ನಾವು ಆ ಎತ್ತರದಿಂದ ಬೀಳುವುದು ಏತಕ್ಕೆ? ಇದಕ್ಕೆ ಮೊದಲನೆಯವರು, ಎಲ್ಲ ಕತೆಗೂ ಖಳನೇಕೆ ಬೇಕು, ಆನಂದವೇ ಒಂದು ಕತೆಯಾಗಬಾರದೆ, ಎಂದು ಮರುಪ್ರಶ್ನೆ ಹಾಕುತ್ತಾರೆ.

ಎರಡು ಪಕ್ಷದಲ್ಲಿಯೂ ಸತ್ಯಾಂಶವಿದೆಯೆಂದು ಹೇಳಿ ನಡುವೆ ನಿಂತುಬಿಡುವುದು ನನಗೆ ಒಪ್ಪಿಗೆಯಲ್ಲ. ಪ್ರಶ್ನೆಯ ಮೂಲಕ್ಕೆ ಇಳಿದರೆ ಉತ್ತರ ಸಿಕ್ಕುತ್ತದೆ; ಅಲ್ಲಿಗೆ ಇಳಿಯಲು ನಮ್ಮ ಹಿರಿಯರ ಅಲಂಕಾರಶಾಸ್ತ್ರ ಮೆಟ್ಟಿಲುಗಳನ್ನು ಕಟ್ಟಿಟ್ಟಿದೆ. ರಸ ತಾನೇ ತಾನಾಗಿ ಹುಟ್ಟುವುದಿಲ್ಲ; ಭಾವವನ್ನು ಹುಟ್ಟಿಸುವ ಕಾರಣವಾದ ವಿಭಾವ ಮೊದಲಾದುವು ಕೂಡಿ ಅದಕ್ಕೆ ನೆಲವನ್ನು ಹದಮಾಡಬೇಕು. ನಾಟ್ಯಶಾಸ್ತ್ರವು ಎಣಿಸುವ ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ಕಂಪ, ವೈವರ್ಣ್ಯ, ಅಶ್ರು, ಪ್ರಲಯವೆಂಬ ಎಂಟು ಸಾತ್ತ್ವಿಕ ಭಾವಗಳನ್ನು ರಂಗದ ಮೇಲಿನ ನಟ ಅಭಿನಯಿಸಿ ತೋರಿಸುತ್ತಾನೆ. ಪ್ರೇಕ್ಷಕನು ಕ್ಷೇಮವಾಗಿ ಕುಳಿತು ನೋಡುತ್ತಾನೆ. ರೈಡ್ ಎಂಬ ಈ ಹೊಸ ಕಲೆಯ ವೈಲಕ್ಷಣ್ಯವೇನೆಂದರೆ, ಇಲ್ಲಿ ಪ್ರೇಕ್ಷಕನೇ ನಟ. ಬೆವರುವವನೂ ನಡುಗುವವನೂ, ಕೂಗಿ ಕೂಗಿ ಕೊರಳು ಒಡೆದುಕೊಳ್ಳುವವನೂ ಅವನೇ. ಆ ಪತನ ಅವನ ದೇಹದಲ್ಲಿ ಭಯವನ್ನು ಹುಟ್ಟಿಸಿಯೇ ತೀರುತ್ತದೆ, ಕತೆ ಅದನ್ನು ಬಯಸಲಿ ಬಯಸದಿರಲಿ. ಕತೆಯೂ ಭಯವನ್ನೇ ಹೇಳುತ್ತಿದ್ದರೆ ದೇಹವೂ ಮನಸ್ಸೂ ಒಂದಾಗಿ, ಕೇವಲ ಹೆದರಿಕೆಯಾಗಿದ್ದುದು ರಸವಾಗುತ್ತದೆ. ಎಲ್ಲವೂ ಸುಖವಾಗಿದೆಯೆಂದು ಕತೆ ಹಾಡುತ್ತಿರುವಾಗಲೇ ದೇಹ ಪಾತಾಳಕ್ಕೆ ಬಿದ್ದರೆ, ದೇಹ ಒಂದು ಕಡೆಗೂ ಮನಸ್ಸು ಇನ್ನೊಂದು ಕಡೆಗೂ ಎಳೆದು, ಉಳಿಯುವುದು ಬರಿಯ ಬೀಳುವಿಕೆ. ಸೊಂಟದ ಡಾಬನ್ನು ಕೊರಳಿಗೂ ಕೊರಳಿನ ಹಾರವನ್ನು ಸೊಂಟಕ್ಕೂ ತೊಟ್ಟರೆ ಆಭರಣವೇ ಅಂದಗೇಡಾಗುವುದೆಂದು ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವನ್ನು ವಿವರಿಸಿದನಲ್ಲವೆ? ಚಿನ್ನ ಎಷ್ಟು ಅಪ್ಪಟವೆಂಬುದು ಅಲ್ಲಿ ಪ್ರಶ್ನೆಯಲ್ಲ. ಅದನ್ನು ತೊಟ್ಟ ಸ್ಥಾನ ಪ್ರಶ್ನೆ. ಅಭಿಮಾನಿಗಳು ಆ ಹೆಸರನ್ನು ಕೇಳದೆಯೂ ಚರ್ಚಿಸುತ್ತಿರುವುದು ಈ ಔಚಿತ್ಯವನ್ನೇ.

ಈ ಔಚಿತ್ಯವನ್ನು ಡಿಸ್ನಿಯ ಹಿಂದಿನ ವಿನ್ಯಾಸಕರು ಎಷ್ಟು ಚೆನ್ನಾಗಿ ಅರಿತಿದ್ದರೆಂಬುದಕ್ಕೆ 1967ರಲ್ಲಿ ಡಿಸ್ನಿಲ್ಯಾಂಡಿನಲ್ಲಿ ತೆರೆದ ಪೈರೇಟ್ಸ್ ಆಫ್ ದ ಕ್ಯಾರಿಬಿಯನ್ ಸಾಕ್ಷಿಯಾಗಿದೆ. ಉದ್ಯಾನದ ಅಂಚನ್ನು ಸುತ್ತುವ ರೈಲುಹಾದಿಯ ಅಡಿಯಲ್ಲಿ ನುಸುಳಿ ಹೊರಗಿನ ದೊಡ್ಡ ಕಟ್ಟಡವನ್ನು ಸೇರುವುದಕ್ಕಾಗಿ ಆ ದೋಣಿಗಳು ನೆಲದಡಿಗೆ ಇಳಿಯಲೇಬೇಕಾಗಿತ್ತು. ಅದು ಎಂಜಿನಿಯರನ ಅವಶ್ಯಕತೆ. ವಿನ್ಯಾಸಕರು ಆ ಅವಶ್ಯಕತೆಯನ್ನು ಮುಚ್ಚಿಡದೆ ಕತೆಯ ಹೊಸ್ತಿಲನ್ನಾಗಿ ಮಾಡಿದರು. ಮೊದಲು ಇರುಳು, ಮಿಂಚುಹುಳುಗಳು, ಗುಡಿಸಲಿನ ಜಗುಲಿಯಲ್ಲಿ ತೂಗುಕುರ್ಚಿಯ ಮೇಲೆ ಕುಳಿತ ಮುದುಕ, ನಿಶ್ಶಬ್ದ. ಆಮೇಲೆ ಕಮಾನಿನ ಮೇಲಿಂದ ಮಾತನಾಡುವ ತಲೆಬುರುಡೆಯ ಎಚ್ಚರಿಕೆ. ಅನಂತರ ಕತ್ತಲೊಳಕ್ಕೆ ಇಳಿತ. ವರ್ತಮಾನದಿಂದ ಸತ್ತವರ ಲೋಕಕ್ಕೆ ಹೋಗುವ ದಾರಿಯೇ ಅದು ಎಂದು ಯಾರೂ ಹೇಳಿಕೊಡದೆ ಮನಸ್ಸು ತಿಳಿಯುತ್ತದೆ. 1969ರ ಹಾಂಟೆಡ್ ಮ್ಯಾನ್ಶನ್ನಿನಲ್ಲಿಯೂ ಇದೇ ಕೌಶಲ. ಗೋಡೆಗಳು ಹಿಗ್ಗುತ್ತ ಹೋಗುವಂತೆ ತೋರುವ ಅಲ್ಲಿನ ಕೋಣೆ ನಿಜವಾಗಿ ಒಂದು ಲಿಫ್ಟು. ರೈಲುಹಾದಿಯ ಕೆಳಗಿನ ದಾರಿಗೆ ಜನರನ್ನು ಇಳಿಸುವುದು ಅದರ ಕೆಲಸ. ಆ ಮನೆಯೊಳಗೆ ವಾತಾವರಣದ ಗಾಂಭೀರ್ಯ ಮುಖ್ಯವಾಗಬೇಕೆಂದು ವಿನ್ಯಾಸಕ ಕ್ಲಾಡ್ ಕೋಟ್ಸ್, ಪಾತ್ರಗಳ ವಿನೋದ ಮುಖ್ಯವಾಗಬೇಕೆಂದು ಅವನ ಸಹೋದ್ಯೋಗಿ ಮಾರ್ಕ್ ಡೇವಿಸ್ ಭಿನ್ನಮತ ತಾಳಿದ್ದರೆಂಬುದನ್ನು ನೆನೆದರೆ, ಇಂದು ಅಭಿಮಾನಿಗಳು ಆಡುತ್ತಿರುವ ವಾದ ಮೊದಲು ನಿರ್ಮಾಪಕರ ಮೇಜಿನ ಮೇಲೆಯೇ ಹುಟ್ಟಿತೆಂಬುದು ತಿಳಿಯುತ್ತದೆ. ಮೊದಲರ್ಧ ಕೋಟ್ಸನ ಕತ್ತಲು, ಉತ್ತರಾರ್ಧ ಡೇವಿಸನ ನಗೆ. ಭಯಾನಕದಿಂದ ಹಾಸ್ಯಕ್ಕೆ ನಡೆಯುವ ಆ ಕ್ರಮವೇ ಆ ಮನೆಯನ್ನು ಇಂದಿಗೂ ಕಾಪಾಡಿದೆ.

ತಂತ್ರದ ಹೊಸತನವೇ ಗುಣದ ಅಳತೆಗೋಲಲ್ಲವೆಂಬುದನ್ನೂ ಆ ಮನೆ ಕಲಿಸುತ್ತದೆ. ಅಲ್ಲಿನ ನರ್ತನಶಾಲೆಯಲ್ಲಿ ಪಾರದರ್ಶಕವಾಗಿ ಸುತ್ತುವ ಭೂತಗಳು, ದೊಡ್ಡ ಗಾಜಿನ ಮೇಲೆ ಮರೆಯಲ್ಲಿಟ್ಟ ವಸ್ತುವಿನ ಬಿಂಬವನ್ನು ಬೀಳಿಸುವ ಹಳೆಯ ರಂಗತಂತ್ರದ ಫಲ. 1862ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿತವಾಗಿ ಪೆಪ್ಪರ್ ಎಂಬ ವಿಜ್ಞಾನಬೋಧಕನ ಹೆಸರಿನಿಂದ ಪ್ರಸಿದ್ಧವಾದ ಈ ಉಪಾಯ ಇಂದಿಗೂ ಬೆರಗುಗೊಳಿಸುತ್ತದೆ. ಪರದೆಗಳ ಮೇಲಿನ ಚಿತ್ರಗಳನ್ನೇ ನೆಚ್ಚಿದ ರೈಡುಗಳ ವಿಷಯದಲ್ಲಿ ಅಭಿಮಾನಿಗಳಿಗಿರುವ ಅಸಮಾಧಾನದ ಬೇರೂ ಇಲ್ಲಿಯೇ ಇದೆ. 2018ರಲ್ಲಿ ಆರ್ಲಾಂಡೊದ ಯೂನಿವರ್ಸಲ್ ಉದ್ಯಾನದಲ್ಲಿ ತೆರೆದ ಫಾಸ್ಟ್ ಅಂಡ್ ಫ್ಯೂರಿಯಸ್ ಸೂಪರ್‌ಚಾರ್ಜ್ಡ್ ಅವರ ಕಟುವಿಮರ್ಶೆಗೆ ಗುರಿಯಾದುದಕ್ಕೂ, ಅದೇ ಸಂಸ್ಥೆ 2025ರ ಮೇ ತಿಂಗಳಲ್ಲಿ ತೆರೆದ ಎಪಿಕ್ ಯೂನಿವರ್ಸ್ ಉದ್ಯಾನದ ಫ್ರಾಂಕನ್‌ಸ್ಟೈನ್ ರೈಡು ತನ್ನ ಯಂತ್ರಪಾತ್ರಗಳಿಗಾಗಿ ಹೊಗಳಿಕೆ ಪಡೆದುದಕ್ಕೂ ಕಾರಣ, ಪರದೆಯೆಂದರೆ ಕೀಳು ಗೊಂಬೆಯೆಂದರೆ ಮೇಲು ಎಂಬ ಕುರುಡು ನಿಯಮವಲ್ಲ. ಪರದೆಯ ಮೇಲೆ ವೇಗ ಕಾಣುತ್ತಿರುವಾಗ ದೇಹಕ್ಕೆ ಆ ವೇಗ ತಟ್ಟದಿದ್ದರೆ, ದೇಹವೂ ಮನಸ್ಸೂ ಮತ್ತೆ ಬೇರ್ಪಡುತ್ತವೆ ಎಂಬುದೇ ಕಾರಣ.

ಅಭಿಮಾನಿಗಳಲ್ಲಿ ದೋಷವಿಲ್ಲವೆಂದು ನಾನು ಹೇಳುವುದಿಲ್ಲ. ಬಾಲ್ಯದಲ್ಲಿ ತಂದೆಯ ಪಕ್ಕದಲ್ಲಿ ಕುಳಿತು ಬಿದ್ದ ಆ ಪತನದ ನೆನಪು, ಮುಂದೆ ಬರುವ ಯಾವ ಹೊಸ ನಿರ್ಮಾಣವೂ ಗೆಲ್ಲಲಾರದ ಪ್ರತಿಸ್ಪರ್ಧಿ. ಆ ದುಃಖ ಗೌರವಾರ್ಹ, ಆದರೆ ಅದು ವಿಮರ್ಶೆಯಲ್ಲ. ವಿನ್ಯಾಸದ ಮಾತನ್ನು ಮುಂದಿಟ್ಟುಕೊಂಡು, ಬದಲಾವಣೆಯ ನ್ಯಾಯವನ್ನೇ ಒಪ್ಪದವರೂ ಕೆಲವರಿದ್ದಾರೆ. ಈ ಕಾಳು ಜೊಳ್ಳನ್ನು ಬೇರ್ಪಡಿಸಲು ಒಂದೇ ಪ್ರಶ್ನೆ ಸಾಕು: ಆಕ್ಷೇಪಿಸುವವನು ದೋಣಿಯ ಮುಂದೆ ಯಾರು ನಿಂತಿದ್ದಾರೆಂಬುದನ್ನು ನೋಡಿ ಆಕ್ಷೇಪಿಸುತ್ತಾನೆಯೆ, ಅಥವಾ ದೋಣಿ ಏತಕ್ಕೆ ಬೀಳುತ್ತದೆಂಬುದನ್ನು ಕೇಳಿ ಆಕ್ಷೇಪಿಸುತ್ತಾನೆಯೆ? ಎರಡನೆಯವನ ಮಾತಿಗೆ ಕಿವಿಗೊಡಬೇಕು. ನಾಟಕಕ್ಕೆ, ಸಂಗೀತಕ್ಕೆ, ಚಲನಚಿತ್ರಕ್ಕೆ ಪತ್ರಿಕೆಗಳ ವಿಮರ್ಶಕರಿದ್ದಾರೆ. ಈ ಕಲೆಗೆ ಅಂಥ ಪರಂಪರೆ ಇನ್ನೂ ಬೆಳೆದಿಲ್ಲ. ಅದನ್ನು ಪ್ರೀತಿಸಿ, ಮತ್ತೆ ಮತ್ತೆ ಸಾಲಿನಲ್ಲಿ ನಿಂತು, ಪ್ರತಿಯೊಂದು ದೀಪವನ್ನೂ ಗುರುತಿಟ್ಟುಕೊಂಡವರೇ ಅದರ ಸಹೃದಯರು. 2006ರಲ್ಲಿ ಫ್ಲಾರಿಡಾದಲ್ಲಿ ತೆರೆದ ಎಕ್ಸ್‌ಪೆಡಿಶನ್ ಎವರೆಸ್ಟಿನ ಯೇತಿ, ಕೈಬೀಸಿ ಎರಗುವಂತೆ ನಿರ್ಮಿತವಾಗಿದ್ದ ಆ ಬೃಹತ್ ಯಂತ್ರಮೃಗ, ಕೆಲವೇ ಕಾಲದಲ್ಲಿ ನಿಶ್ಚಲವಾಗಿ, ಮಿನುಗುವ ದೀಪಗಳಿಂದ ಚಲನೆಯ ಭ್ರಮೆಯನ್ನು ಮಾತ್ರ ಕೊಡುವಂತಾದುದನ್ನು ವರ್ಷಗಳುದ್ದಕ್ಕೂ ಮರೆಯದೆ ನೆನಪಿಸುತ್ತ ಬಂದವರು ಈ ಸಹೃದಯರೇ.

ಹೊಸ ಗುಡ್ಡದ ನಿರ್ಮಾಪಕರು ಕಾರಣದ ಮಹತ್ವವನ್ನು ಅರಿಯದವರಲ್ಲವೆಂಬುದು ಇನ್ನೊಂದು ಸಂಗತಿಯಿಂದ ತಿಳಿಯುತ್ತದೆ. ಲೂಸಿಯಾನಾ ಸಮತಟ್ಟಾದ ನಾಡು. ಅಲ್ಲಿ ಇಂಥ ಗುಡ್ಡ ಹೇಗೆ ಬಂದಿತೆಂಬ ಶಂಕೆಗೆ ಉತ್ತರವಾಗಿ, ಆ ಪ್ರಾಂತದಲ್ಲಿ ನಿಜವಾಗಿಯೂ ಇರುವ ಉಪ್ಪಿನ ದಿಬ್ಬಗಳನ್ನು ಅವರು ಆಧಾರವಾಗಿಟ್ಟುಕೊಂಡು, ಟಿಯಾನಾ ಹಳೆಯ ಉಪ್ಪಿನ ಗಣಿಯೊಂದನ್ನು ಕೊಂಡು ಕೆಲಸಗಾರರದೇ ಒಡೆತನದ ಆಹಾರ ಸಹಕಾರ ಸಂಘವನ್ನು ಕಟ್ಟಿದಳೆಂದು ಕತೆ ಹೆಣೆದರು. ಸರದಿಯ ಸಾಲಿನಲ್ಲಿ ನಿಂತವರು ಅದನ್ನೇ ಓದುತ್ತ ಮುಂದೆ ಸಾಗುತ್ತಾರೆ. ಗುಡ್ಡ ಇರುವುದಕ್ಕೆ ಇಷ್ಟು ಶ್ರದ್ಧೆಯಿಂದ ಕಾರಣ ಹುಡುಕಿದವರು ಗುಡ್ಡದಿಂದ ಬೀಳುವುದಕ್ಕೂ ಅಷ್ಟೇ ಶ್ರದ್ಧೆಯಿಂದ ಕಾರಣ ಹುಡುಕಿದ್ದರೆ ಎಂದು ಮನಸ್ಸು ಹಂಬಲಿಸುತ್ತದೆ. ಅದು ದೂರದಲ್ಲಿಯೂ ಇರಲಿಲ್ಲ. ಪೈರೇಟ್ಸಿನ ದೋಣಿಗಳು ಹೊರಡುವ ಆ ಇರುಳು, ಆ ಮಿಂಚುಹುಳುಗಳು, ಆ ನಿಶ್ಶಬ್ದ ಇದೇ ಲೂಸಿಯಾನಾದ ಜವುಗುನಾಡಿನವು. ಖಳನೊಬ್ಬನಿಲ್ಲದೆಯೂ ಅಲ್ಲಿ ಕತ್ತಲೇ ಮಾತನಾಡುತ್ತದೆ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಈ ಬರಹವನ್ನು ಬರೆಯಿಸಿದ್ದೇ ಅದು. ಚಿತ್ರದ ಟಿಯಾನಾ ಸುಖದಲ್ಲಿ ಬೆಳೆದವಳಲ್ಲ. ಊಟದ ಮನೆಗಳಲ್ಲಿ ಹಗಲಿರುಳು ದುಡಿದು, ಕಾಸಿಗೆ ಕಾಸು ಕೂಡಿಟ್ಟು, ಸ್ವಂತ ಊಟದ ಮನೆಯೊಂದನ್ನು ತೆರೆಯಬೇಕೆಂಬ, ತೀರಿಕೊಂಡ ತಂದೆಯ ಕನಸನ್ನು ತನ್ನದಾಗಿಸಿಕೊಂಡವಳು. ಅವಳ ಹಿನ್ನೆಲೆಯನ್ನು ಎತ್ತಿ ಆಡಿ ಅದಕ್ಕೆ ಬೇಕಾದ ಕಟ್ಟಡವನ್ನು ಮಾರಲೊಪ್ಪದವರ ಮುಂದೆ ನಿಂತವಳು. ಆ ಕನಸೆಲ್ಲವನ್ನೂ ಒಮ್ಮೆಗೇ ಕೊಡುತ್ತೇನೆಂದು ಫೆಸಿಲಿಯೇ ಆಸೆ ತೋರಿಸಿದಾಗ ಬೇಡವೆಂದು ತಳ್ಳಿದವಳು. ಅವಳ ಗೆಲುವು ಗೆಲುವಾದುದು ಈ ಭಯಗಳನ್ನು ದಾಟಿ ಬಂದುದರಿಂದ. ಗುಡ್ಡದೊಳಗಿನ ಟಿಯಾನಾಳಿಗೆ ದಾಟಲು ಏನೂ ಇಲ್ಲ. ಅವಳನ್ನು ಗೌರವಿಸಬೇಕೆಂಬ ಸದ್ಭಾವದಿಂದಲೇ ಅವಳ ದಾರಿಯ ಮುಳ್ಳುಗಳನ್ನೆಲ್ಲ ಆಯ್ದು ತೆಗೆದಿರಬಹುದು. ಆದರೆ ನಾಯಿಕೆಗೆ ನಾವು ತೋರಬಹುದಾದ ದೊಡ್ಡ ಗೌರವವೆಂದರೆ ಅವಳಿಗೆ ಕಷ್ಟವನ್ನು ಎದುರಿಸುವ ಅವಕಾಶವನ್ನು ಕೊಡುವುದು. ಗುಲಾಮರ ಮಕ್ಕಳು ತಮ್ಮ ಪುಟ್ಟ ಮೊಲಕ್ಕೆ ಆ ಅವಕಾಶವನ್ನು ಕೊಟ್ಟಿದ್ದರು. ಹುಟ್ಟಿದ ಮುಳ್ಳೇ ಅದನ್ನು ಕಾಪಾಡಿತು. ಟೋಕಿಯೋದಲ್ಲಿ ಆ ಮೊಲ ಇಂದಿಗೂ ಬೀಳುತ್ತಿದೆ. ಫ್ಲಾರಿಡಾದಲ್ಲಿಯೂ ಕ್ಯಾಲಿಫೋರ್ನಿಯಾದಲ್ಲಿಯೂ ಅದೇ ಎತ್ತರ, ಅದೇ ನೀರು, ಅದೇ ವೇಗ ಉಳಿದಿವೆ. ದುಬಾರಿಯಾದುದೆಲ್ಲವೂ ಅಲ್ಲಿ ಸಿದ್ಧವಾಗಿದೆ. ಸೇರಬೇಕಾದುದು ಗುಡ್ಡದ ನೆತ್ತಿಗೆ ಮುಂಚಿನ ಒಂದು ನಿಮಿಷದ ಕತ್ತಲು, ಮತ್ತು ಆ ಕತ್ತಲಿನಲ್ಲಿ ನಮ್ಮೊಡನೆ ಹೆದರಿ, ನಮಗಿಂತ ಮೊದಲು ಧೈರ್ಯ ತಂದುಕೊಳ್ಳುವ ಟಿಯಾನಾ.